ತಂತಿಯಲ್ಲಿ ಹರಿಯುವುದನ್ನು ನೋಡಿದವರು



ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬರ್ಕ್ಲಿ ಎಂಬ ಊರಿದೆ. ಅಲ್ಲಿನ ಗುಡ್ಡದ ಮೇಲೆ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ, ಗುಡ್ಡದ ಕೆಳಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಎರಡರ ನಡುವಿನ ದೂರ ನಾನೂರು ಗಜ. 1986ರ ಹೊತ್ತಿಗೆ ಎರಡೂ ಕಡೆಯ ಕಂಪ್ಯೂಟರುಗಳು ಜಾಲಕ್ಕೆ ಸೇರಿದ್ದವು. ಅವುಗಳ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್‌ಗಳಷ್ಟು ಮಾಹಿತಿ ಹರಿಯುತ್ತಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಈ ವೇಗ ಇದ್ದಕ್ಕಿದ್ದ ಹಾಗೆ ಸೆಕೆಂಡಿಗೆ 40 ಬಿಟ್‌ಗೆ ಕುಸಿಯಿತು. ಎರಡು ಸಾವಿರ ಅಕ್ಷರಗಳ ಒಂದು ಪುಟ ಅರ್ಧ ಸೆಕೆಂಡಿನಲ್ಲಿ ತಲುಪುತ್ತಿದ್ದ ಕಡೆ ಈಗ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕಾಯಿತು. ಅದೇ ಪುಟವನ್ನು ಕೈಯಲ್ಲಿ ಹಿಡಿದು ನಡೆದು ಹೋದವರೇ ಮೊದಲು ತಲುಪುತ್ತಿದ್ದರು.

ಎಲ್ಲೂ ತಂತಿ ಕಡಿದಿರಲಿಲ್ಲ, ಯಂತ್ರ ಸುಟ್ಟಿರಲಿಲ್ಲ. ಎಲ್ಲ ಕಂಪ್ಯೂಟರುಗಳೂ ಹಗಲಿರುಳು ದುಡಿಯುತ್ತಲೇ ಇದ್ದವು. ಆದರೂ ಜಾಲ ನಿಂತ ಹಾಗೆಯೇ ಆಗಿತ್ತು. ಪ್ರಯೋಗಾಲಯದಲ್ಲಿದ್ದ ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿಗೆ ಇದು ದೊಡ್ಡ ಪ್ರಶ್ನೆಯಾಯಿತು. ಅವರು ಊಹೆಗೆ ಹೋಗದೆ ತಂತಿಯಲ್ಲಿ ಏನು ಹರಿಯುತ್ತಿದೆ ಎಂದು ನೋಡಲು ಕುಳಿತರು. ಅವರು ಕಂಡದ್ದು ಏನು, ಕಂಡದ್ದು ಹೇಗೆ, ಅದರಿಂದ ನಮಗೆ ಒದಗಿದ್ದು ಏನು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಜಾಲದ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡೋಣ. ಹಳೆಯ ಟೆಲಿಫೋನಿನಲ್ಲಿ ನೀವು ಧಾರವಾಡದಿಂದ ಮೈಸೂರಿಗೆ ಮಾತನಾಡುತ್ತಿದ್ದರೆ, ಆ ಮಾತು ಮುಗಿಯುವವರೆಗೂ ಎರಡೂರಿನ ನಡುವೆ ಒಂದು ದಾರಿ ನಿಮ್ಮಿಬ್ಬರಿಗೇ ಮೀಸಲಾಗಿರುತ್ತಿತ್ತು. ನೀವು ಸುಮ್ಮನಿದ್ದರೂ ಅದು ಬೇರೆಯವರಿಗೆ ಸಿಗುತ್ತಿರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆಯೇ, ಬೇರೊಂದು ದಾರಿ ಯೋಚಿಸಿದರು. ಕಳಿಸಬೇಕಾದ ಮಾಹಿತಿಯನ್ನು ಸಣ್ಣ ಸಣ್ಣ ತುಂಡು ಮಾಡುವುದು, ಪ್ರತಿ ತುಂಡಿಗೂ ವಿಳಾಸ ಹಚ್ಚಿ ಬಿಟ್ಟುಬಿಡುವುದು, ಎಲ್ಲರ ತುಂಡುಗಳೂ ಒಂದೇ ತಂತಿಯನ್ನು ಹಂಚಿಕೊಂಡು ಸಾಗುವುದು. ಈ ತುಂಡಿಗೆ ಪ್ಯಾಕೆಟ್ ಎಂಬ ಹೆಸರು ಕೊಟ್ಟವರು ಡೇವಿಸ್. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಅರ್ಪಾನೆಟ್ ಎಂಬ ಜಾಲದ ಮೊದಲ ಸಂದೇಶ ಹೋದದ್ದು ಈ ಕ್ರಮದಲ್ಲಿಯೇ.

ಪ್ಯಾಕೆಟ್ಟನ್ನು ಅಂಚೆಯ ಲಕೋಟೆಯ ಹಾಗೆ ಕಲ್ಪಿಸಿಕೊಳ್ಳಿ. ಒಳಗಿರುವುದು ಮಾಹಿತಿ. ಹೊರಗೆ ಯಾರಿಂದ ಯಾರಿಗೆ ಎಂಬ ಎರಡು ವಿಳಾಸ. ಇವನ್ನು ಐಪಿ ವಿಳಾಸ ಎನ್ನುತ್ತೇವೆ. ಅದರ ಜೊತೆಗೆ ಕ್ರಮಸಂಖ್ಯೆ, ಉದ್ದ, ಒಳಗಿರುವುದು ಯಾವ ಬಗೆಯ ಸಂಗತಿ ಎಂಬ ಸೂಚನೆ. ಸಾಮಾನ್ಯವಾಗಿ ಒಂದು ಪ್ಯಾಕೆಟ್ಟಿನಲ್ಲಿ ಹೆಚ್ಚೆಂದರೆ 1500 ಬೈಟ್ ಹಿಡಿಸುತ್ತದೆ. ನಿಮ್ಮ ಮೊಬೈಲಿನಿಂದ ಮಗಳಿಗೆ ಮೂರು ಮೆಗಾಬೈಟಿನ ಒಂದು ಫೋಟೊ ಕಳಿಸಿದರೆ ಅದು ಸುಮಾರು ಎರಡು ಸಾವಿರ ಪ್ಯಾಕೆಟ್ಟುಗಳಾಗಿ ಹೊರಡುತ್ತದೆ. ದಾರಿಯುದ್ದಕ್ಕೂ ರೂಟರ್ ಎಂಬ ಯಂತ್ರಗಳಿರುತ್ತವೆ. ಪ್ರತಿ ರೂಟರ್ ಪ್ಯಾಕೆಟ್ಟಿನ ಮೇಲಿನ ವಿಳಾಸ ನೋಡಿ, ಮುಂದೆ ಯಾವ ತಂತಿಗೆ ದಾಟಿಸಬೇಕೆಂದು ತೀರ್ಮಾನಿಸಿ, ಅದನ್ನು ಕಳಿಸಿ, ಮುಂದಿನ ಪ್ಯಾಕೆಟ್ಟನ್ನು ಎತ್ತಿಕೊಳ್ಳುತ್ತದೆ. ಒಂದೇ ಫೋಟೊದ ಪ್ಯಾಕೆಟ್ಟುಗಳು ಬೇರೆ ಬೇರೆ ದಾರಿ ಹಿಡಿಯಬಹುದು, ಹಿಂದುಮುಂದಾಗಿ ತಲುಪಬಹುದು, ನಡುವೆ ಕೆಲವು ಕಳೆದೂ ಹೋಗಬಹುದು.

ಕಳೆದುಹೋದರೆ ಏನು ಗತಿ? ಅದನ್ನು ನೋಡಿಕೊಳ್ಳುವುದು ಟಿಸಿಪಿ ಎಂಬ ನಿಯಮಾವಳಿ. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಇದರ ರೂಪರೇಖೆ ಪ್ರಕಟಿಸಿದರು. 1983ರ ಜನವರಿ 1ರಿಂದ ಅರ್ಪಾನೆಟ್ ಜಾಲ ಇದನ್ನೇ ಅನುಸರಿಸತೊಡಗಿತು. ನಿಯಮ ಸರಳ. ಪ್ಯಾಕೆಟ್ ತಲುಪಿದವರು ‘ಇಷ್ಟನೆಯದರವರೆಗೆ ತಲುಪಿದೆ’ ಎಂದು ಸ್ವೀಕೃತಿ ಕಳಿಸಬೇಕು. ಕಳಿಸಿದವರು ಸ್ವಲ್ಪ ಹೊತ್ತು ಕಾಯಬೇಕು. ಸ್ವೀಕೃತಿ ಬಾರದಿದ್ದರೆ ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸಬೇಕು. ಎರಡು ಸಾವಿರ ಪ್ಯಾಕೆಟ್ಟುಗಳಲ್ಲಿ ಒಂದೂ ತಪ್ಪದೆ ನಿಮ್ಮ ಮಗಳ ಮೊಬೈಲಿನಲ್ಲಿ ಸರಿಯಾದ ಕ್ರಮದಲ್ಲಿ ಜೋಡಣೆಯಾಗುವುದು ಈ ಕೊಡುಕೊಳ್ಳುವಿಕೆಯಿಂದ.

ಈಗ ನನ್ನ ಮಾತನ್ನು ಕೆಲವರು ರೇಡಿಯೊ ಸೆಟ್ಟಿನಲ್ಲಿ, ಇನ್ನು ಕೆಲವರು ಮೊಬೈಲ್ ಆ್ಯಪಿನಲ್ಲಿ ಕೇಳುತ್ತಿರಬಹುದು. ಬಾನುಲಿಯ ಅಲೆಗೆ ಕೇಳುಗರ ಲೆಕ್ಕವಿಲ್ಲ. ಹತ್ತು ಮನೆಯವರು ಕೇಳಿದರೂ ಹತ್ತು ಲಕ್ಷ ಮನೆಯವರು ಕೇಳಿದರೂ ಪ್ರಸಾರ ಕೇಂದ್ರದಿಂದ ಹೊರಡುವುದು ಒಂದೇ ಅಲೆ. ಆ್ಯಪಿನಲ್ಲಿ ಕೇಳುವವರಿಗಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ಯಾಕೆಟ್ಟುಗಳು ಹೊರಡಬೇಕು. ಕೇಳುಗರು ಹೆಚ್ಚಿದಂತೆ ತಂತಿಯ ಮೇಲಿನ ಭಾರವೂ ಹೆಚ್ಚುತ್ತದೆ. ಇಂಟರ್ನೆಟ್ಟಿಗೆ ದಟ್ಟಣೆಯ ಪ್ರಶ್ನೆ ಹುಟ್ಟಿನಿಂದಲೇ ಅಂಟಿಕೊಂಡಿರುವುದು ಈ ಕಾರಣಕ್ಕೆ.

ಈ ಜಾಲಕ್ಕೆ ನಡುವೆ ಕುಳಿತು ಯಾರು ಎಷ್ಟು ಕಳಿಸಬೇಕೆಂದು ಅಪ್ಪಣೆ ಕೊಡುವ ಯಜಮಾನ ಇಲ್ಲ. ರೂಟರಿಗೆ ತನ್ನ ಪಾಲಿನ ಕೆಲಸವಷ್ಟೇ ಗೊತ್ತು. ಬರುವ ವೇಗ ಹೋಗುವ ವೇಗಕ್ಕಿಂತ ಹೆಚ್ಚಾದರೆ ಅದು ಪ್ಯಾಕೆಟ್ಟುಗಳನ್ನು ತನ್ನ ನೆನಪಿನಲ್ಲಿ ಸಾಲಾಗಿ ನಿಲ್ಲಿಸುತ್ತದೆ. ಸಾಲಿನಲ್ಲಿ ಜಾಗ ಮುಗಿದರೆ ಬಂದ ಪ್ಯಾಕೆಟ್ಟನ್ನು ಕೈಬಿಡುತ್ತದೆ. ಕಳಿಸಿದವರಿಗೆ ಹೇಳಿಯೂ ಕಳಿಸುವುದಿಲ್ಲ. ಸ್ವೀಕೃತಿ ಬಾರದ್ದನ್ನು ನೋಡಿಯೇ ಅವರು ತಿಳಿದುಕೊಳ್ಳಬೇಕು.

1986ರ ಅಕ್ಟೋಬರಿನ ಕುಸಿತ ಹುಟ್ಟಿದ್ದು ಇಲ್ಲಿಯೇ. ದಟ್ಟಣೆ ಹೆಚ್ಚಿದಾಗ ಪ್ಯಾಕೆಟ್ಟುಗಳು ಸಾಲಿನಲ್ಲಿ ಕಾದು ತಡವಾಗಿ ತಲುಪುತ್ತಿದ್ದವು. ಕಳಿಸಿದ ಕಂಪ್ಯೂಟರು ಕಾದು ಕಾದು, ಪ್ಯಾಕೆಟ್ ಕಳೆದುಹೋಯಿತೆಂದು ಬಗೆದು, ಇನ್ನೊಂದು ಪ್ರತಿ ಕಳಿಸುತ್ತಿತ್ತು. ಸಾಲು ಇನ್ನಷ್ಟು ಬೆಳೆಯುತ್ತಿತ್ತು. ತಡ ಇನ್ನಷ್ಟು ಹೆಚ್ಚುತ್ತಿತ್ತು. ಆಗ ಮತ್ತೂ ಒಂದು ಪ್ರತಿ ಹೊರಡುತ್ತಿತ್ತು. ತಂತಿ ತುಂಬಿ ಹರಿಯುತ್ತಿತ್ತು, ಹರಿಯುತ್ತಿದ್ದದ್ದು ಮಾತ್ರ ಬಹುಪಾಲು ಆಗಲೇ ಕಳಿಸಿದ್ದರ ನಕಲು. ಇಂಥ ಕುಸಿತ ಬರಬಹುದೆಂದು ಜಾನ್ ನೇಗಲ್ ಎಂಬ ಎಂಜಿನಿಯರ್ 1984ರಲ್ಲಿಯೇ ಬರೆದು ಎಚ್ಚರಿಸಿದ್ದರು. ಎರಡು ವರ್ಷಗಳಲ್ಲಿ ಅದು ಕಣ್ಣೆದುರು ನಿಂತಿತು.

ಜೇಕಬ್‌ಸನ್ ಇದನ್ನು ಹೇಗೆ ಕಂಡರು ಎಂಬುದು ನನಗೆ ಬಹಳ ಮುಖ್ಯವೆನಿಸುವ ಸಂಗತಿ. ಆ ಕಾಲದ ಈಥರ್ನೆಟ್ ಜಾಲದಲ್ಲಿ ಹಲವು ಕಂಪ್ಯೂಟರುಗಳು ಒಂದೇ ತಂತಿಗೆ ಕಟ್ಟಿಕೊಂಡಿರುತ್ತಿದ್ದವು. ತಂತಿಯ ಮೇಲೆ ಹೋಗುವ ಪ್ರತಿ ಪ್ಯಾಕೆಟ್ಟೂ ಎಲ್ಲ ಕಂಪ್ಯೂಟರುಗಳ ಬಾಗಿಲನ್ನೂ ಹಾದೇ ಹೋಗುತ್ತಿತ್ತು. ತನ್ನ ವಿಳಾಸದ್ದನ್ನು ಮಾತ್ರ ಒಳಗೆ ಬಿಟ್ಟುಕೊಂಡು ಉಳಿದದ್ದನ್ನು ಗಮನಿಸದೆ ಇರುವುದು ನೆಟ್‌ವರ್ಕ್ ಕಾರ್ಡಿನ ರೂಢಿ. ಎಲ್ಲವನ್ನೂ ಒಳಗೆ ತೆಗೆದುಕೋ ಎಂದು ಆ ಕಾರ್ಡಿಗೆ ಹೇಳಬಹುದು. ಜೇಕಬ್‌ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕೇನ್ ಈ ಮೂವರು ಅದೇ ಪ್ರಯೋಗಾಲಯದಲ್ಲಿ ಸೇರಿ 1988ರಲ್ಲಿ ಟಿಸಿಪಿಡಂಪ್ ಎಂಬ ತಂತ್ರಾಂಶ ಬರೆದರು. ಹಾದುಹೋಗುವ ಪ್ರತಿ ಪ್ಯಾಕೆಟ್ಟಿಗೂ ಅದು ಒಂದು ಸಾಲು ಬರೆದಿಡುತ್ತದೆ. ಮೊದಲು ಸಮಯ, ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದವರೆಗೆ. ಆಮೇಲೆ ಕಳಿಸಿದವರ ವಿಳಾಸ, ಪಡೆಯುವವರ ವಿಳಾಸ, ಕ್ರಮಸಂಖ್ಯೆ, ಉದ್ದ. ಸಾವಿರಾರು ಪ್ಯಾಕೆಟ್ಟುಗಳಲ್ಲಿ ಬೇಕಾದ್ದನ್ನು ಮಾತ್ರ ಆಯ್ದುಕೊಳ್ಳುವ ಜರಡಿಯ ಕ್ರಮವನ್ನು ಮೆಕೇನ್ ಮತ್ತು ಜೇಕಬ್‌ಸನ್ 1993ರಲ್ಲಿ ಪ್ರಕಟಿಸಿದರು. ಇಂದಿನ ಲಿನಕ್ಸ್ ಯಂತ್ರಗಳಲ್ಲಿ ಅದರ ಬೆಳೆದ ರೂಪ ಈಗಲೂ ಕೆಲಸ ಮಾಡುತ್ತಿದೆ.

ಎರಡು ಕಂಪ್ಯೂಟರುಗಳ ನಡುವಿನ ಒಂದು ಸಂವಾದದಲ್ಲಿ ಹಾಗೆ ಹಿಡಿದ ಪ್ಯಾಕೆಟ್ಟುಗಳಿಂದ ಜೇಕಬ್‌ಸನ್ ಒಂದು ನಕ್ಷೆ ಬರೆದರು. ಅಡ್ಡಕ್ಕೆ ಕಾಲ, ಉದ್ದಕ್ಕೆ ಪ್ಯಾಕೆಟ್ಟಿನ ಕ್ರಮಸಂಖ್ಯೆ. ಒಂದು ಪ್ಯಾಕೆಟ್ಟಿಗೆ ಒಂದು ಚುಕ್ಕೆ. ಎಲ್ಲ ಸರಿಯಾಗಿದ್ದರೆ ಚುಕ್ಕೆಗಳು ಒಂದರ ಪಕ್ಕ ಒಂದು ಮೇಲೇರುತ್ತಾ ನೇರ ಗೆರೆಯಾಗಬೇಕು. ಅವರ ನಕ್ಷೆಯಲ್ಲಿ ಚುಕ್ಕೆಗಳು ಸ್ವಲ್ಪ ಏರಿ, ಥಟ್ಟನೆ ಕೆಳಗಿಳಿದು, ಅದೇ ಸಂಖ್ಯೆಗಳಿಂದ ಮತ್ತೆ ಏರುತ್ತಿದ್ದವು; ಗರಗಸದ ಹಲ್ಲುಗಳ ಆಕಾರ. ಕೆಳಗಿಳಿದ ಪ್ರತಿ ಚುಕ್ಕೆಯೂ ಮರುಕಳಿಸಿದ ಪ್ಯಾಕೆಟ್. ಕಾರಣವೂ ಆ ನಕ್ಷೆಯಲ್ಲಿಯೇ ಕಾಣುತ್ತಿತ್ತು. ಕಳಿಸುವ ಕಂಪ್ಯೂಟರು ಆರಂಭದಲ್ಲಿಯೇ ಒಂದೊಂದು 512 ಬೈಟಿನ 32 ಪ್ಯಾಕೆಟ್ಟುಗಳನ್ನು ಒಟ್ಟಿಗೆ ಸುರಿದುಬಿಡುತ್ತಿತ್ತು. ಅದು ಕುಳಿತಿದ್ದ ಈಥರ್ನೆಟ್ಟಿನ ವೇಗ ಸೆಕೆಂಡಿಗೆ ಒಂದು ಕೋಟಿ ಬಿಟ್, ನಡುವಿನ ಸಂಪರ್ಕದ ವೇಗ 2 ಲಕ್ಷ 30 ಸಾವಿರ ಬಿಟ್. ಆ ಇಕ್ಕಟ್ಟಿನ ಬಾಯಲ್ಲಿದ್ದ ರೂಟರಿನಲ್ಲಿ 30 ಪ್ಯಾಕೆಟ್ಟುಗಳಿಗಷ್ಟೇ ಜಾಗ. ಉಳಿದವು ಬಿದ್ದುಹೋಗುತ್ತಿದ್ದವು. ಆ ಒಂದು ಸಂವಾದದಲ್ಲಿ ತಂತಿಯ ಶಕ್ತಿಯ ಶೇಕಡ 35ರಷ್ಟು ಮಾತ್ರ ಉಪಯೋಗಕ್ಕೆ ಬಂತು. 54ರಿಂದ 58ನೆಯ ಕಿಲೊಬೈಟ್‌ವರೆಗಿನ ಮಾಹಿತಿ ಐದು ಸಲ ಹೊರಟಿತ್ತು.

ಕಾಯಿಲೆ ಕಂಡಮೇಲೆ ಮದ್ದು ಕಷ್ಟವಾಗಲಿಲ್ಲ. ವಿಶ್ವವಿದ್ಯಾಲಯದ ಮೈಕೆಲ್ ಕೇರಲ್ಸ್ ಜೊತೆ ಸೇರಿ ಜೇಕಬ್‌ಸನ್ ಕೆಲವು ಮಾರ್ಪಾಡು ಸೂಚಿಸಿದರು. ಸಂವಾದದ ಆರಂಭದಲ್ಲಿ ಒಂದೇ ಪ್ಯಾಕೆಟ್ ಕಳಿಸು. ಅದರ ಸ್ವೀಕೃತಿ ಬಂದರೆ ಎರಡು ಕಳಿಸು. ಅವೆರಡರ ಸ್ವೀಕೃತಿ ಬಂದರೆ ನಾಲ್ಕು, ಆಮೇಲೆ ಎಂಟು. ಎಲ್ಲಾದರೂ ಒಂದು ಪ್ಯಾಕೆಟ್ ಕಳೆದುಹೋದರೆ ಅದನ್ನು ದಟ್ಟಣೆಯ ಸುಳಿವೆಂದು ತಿಳಿದು ನಿನ್ನ ಮಿತಿಯನ್ನು ಅರ್ಧಕ್ಕೆ ಇಳಿಸಿಕೋ. ಆ ಮಿತಿ ಮುಟ್ಟಿದ ಮೇಲೆ ಒಂದೊಂದಾಗಿ ಮಾತ್ರ ಏರು. ಎಷ್ಟು ಹೊತ್ತು ಕಾಯಬೇಕೆಂಬ ಲೆಕ್ಕದಲ್ಲಿ ಸ್ವೀಕೃತಿ ಬರುವ ಸರಾಸರಿ ಕಾಲವನ್ನು ಮಾತ್ರ ನೋಡದೆ, ಆ ಕಾಲದ ಏರಿಳಿತವನ್ನೂ ಅಳೆ. ಏಕೆಂದರೆ ದಟ್ಟಣೆ ಹೆಚ್ಚಿದಂತೆ ಏರಿಳಿತವೂ ಹೆಚ್ಚುತ್ತದೆ. ತಂತಿ ಬದಲಾಗಲಿಲ್ಲ, ರೂಟರು ಬದಲಾಗಲಿಲ್ಲ. ಕಳಿಸುವವರ ನಡತೆ ಬದಲಾಯಿತು, ಜಾಲ ಚೇತರಿಸಿಕೊಂಡಿತು. 1988ರ ಆಗಸ್ಟಿನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ನಡೆದ ಸಮ್ಮೇಳನದಲ್ಲಿ ಈ ಪ್ರಬಂಧ ಮಂಡನೆಯಾಯಿತು.

ಅದೇ ಸಮ್ಮೇಳನದಲ್ಲಿ ಇದೇ ಸಮಸ್ಯೆಗೆ ಇನ್ನೊಂದು ಉತ್ತರವೂ ಬಂತು. ಅದನ್ನು ಮಂಡಿಸಿದವರು ಕೆ. ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಯ ಎಂಜಿನಿಯರುಗಳು. ಇಬ್ಬರೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಹೋದವರು. ಪ್ಯಾಕೆಟ್ ಬಿದ್ದುಹೋಗುವವರೆಗೆ ಏಕೆ ಕಾಯಬೇಕು ಎಂಬುದು ಅವರ ಪ್ರಶ್ನೆ. ಸಾಲು ಬೆಳೆಯುತ್ತಿದೆ ಎನ್ನುವಾಗಲೇ ರೂಟರು ಪ್ಯಾಕೆಟ್ಟಿನ ಮೇಲೆ ಒಂದೇ ಒಂದು ಬಿಟ್ ಗುರುತು ಹಾಕಲಿ, ಪಡೆದವರು ಆ ಗುರುತನ್ನು ಸ್ವೀಕೃತಿಯ ಜೊತೆ ಹಿಂದಕ್ಕೆ ಕಳಿಸಲಿ, ಕಳಿಸುವವರು ನಿಧಾನಿಸಲಿ. ಈ ವಿಚಾರ ಬೆಳೆದು, ರಾಮಕೃಷ್ಣನ್ ಮತ್ತು ಸ್ಯಾಲಿ ಫ್ಲಾಯ್ಡ್ ಮೊದಲಾದವರ ಕೆಲಸದಿಂದ 2001ರಲ್ಲಿ ಇಂಟರ್ನೆಟ್ಟಿನ ಅಧಿಕೃತ ಮಾನದಂಡವಾಯಿತು. ಸ್ಯಾಲಿ ಫ್ಲಾಯ್ಡ್ ಕೂಡ ಅದೇ ಬರ್ಕ್ಲಿ ಗುಡ್ಡದ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ವಿಜ್ಞಾನಿ.

ದಟ್ಟಣೆ ಕಂಡರೆ ತಾನೇ ಹಿಂದೆ ಸರಿಯಬೇಕು ಎಂಬ ಈ ನಿಯಮವನ್ನು ಮುರಿದರೆ ಶಿಕ್ಷೆ ಕೊಡುವವರು ಯಾರೂ ಇರಲಿಲ್ಲ. ಬರ್ಕ್ಲಿಯ ಯೂನಿಕ್ಸ್ ತಂತ್ರಾಂಶದ ಜೊತೆ ಅದು ಊರೂರಿಗೆ ಹರಡಿತು. ಜನ ಅದನ್ನು ಒಪ್ಪಿಕೊಂಡರು. ಇಂದು ನಿಮ್ಮ ಜೇಬಿನ ಮೊಬೈಲಿನಲ್ಲಿ ಅದರ ವಂಶದ ನಿಯಮವೇ ಕೆಲಸ ಮಾಡುತ್ತಿದೆ. ಕೋಟ್ಯಂತರ ಯಂತ್ರಗಳು ಪರಿಚಯವೂ ಇಲ್ಲದ ಇತರ ಯಂತ್ರಗಳಿಗೆ ಜಾಗ ಬಿಟ್ಟುಕೊಡುತ್ತಾ ಒಂದೇ ದಾರಿಯನ್ನು ಹಂಚಿಕೊಂಡಿವೆ. ಮನುಷ್ಯರು ಕಟ್ಟಿದ ವ್ಯವಸ್ಥೆಗಳಲ್ಲಿ ಇಷ್ಟು ದೊಡ್ಡ ಪ್ರಮಾಣದ ಸ್ವಯಂ ಸಂಯಮ ಅಪರೂಪ. ಅದರ ಬಗ್ಗೆ ನನಗೆ ಗೌರವವಿದೆ.

ನೋಡುವ ಸಾಧನ ಕೈಗೆ ಬಂದಮೇಲೆ ಹಳೆಯ ನಂಬಿಕೆಗಳೂ ಪರೀಕ್ಷೆಗೆ ಒಳಗಾದವು. ಡೆನ್ಮಾರ್ಕಿನ ಗಣಿತಜ್ಞ ಅಗ್ನರ್ ಎರ್ಲಾಂಗ್ 1909ರಲ್ಲಿ ಟೆಲಿಫೋನ್ ಕರೆಗಳ ಸಂಚಾರಕ್ಕೆ ಒಂದು ಲೆಕ್ಕ ಕೊಟ್ಟಿದ್ದರು. ಕರೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ, ಹೆಚ್ಚು ಹೊತ್ತಿನ ಸರಾಸರಿ ತೆಗೆದರೆ ಏರಿಳಿತ ಅಳಿಸಿಹೋಗುತ್ತದೆ ಎಂಬುದು ಅದರ ತಿರುಳು. ಕಂಪ್ಯೂಟರ್ ಜಾಲಕ್ಕೂ ಅದೇ ಲೆಕ್ಕ ಹೊಂದುತ್ತದೆಂದು ಬಹುಕಾಲ ನಂಬಿದ್ದರು. ಅಮೆರಿಕದ ಬೆಲ್‌ಕೋರ್ ಸಂಶೋಧನಾಲಯದಲ್ಲಿ 1989ರಿಂದ 1992ರವರೆಗೆ ಈಥರ್ನೆಟ್ಟಿನ ಕೋಟಿಗಟ್ಟಲೆ ಪ್ಯಾಕೆಟ್ಟುಗಳನ್ನು ಹಿಡಿದು ಅಳೆದರು. ಲೆಲ್ಯಾಂಡ್, ಟಾಕು, ವಿಲಿಂಗರ್, ವಿಲ್ಸನ್ ಎಂಬ ನಾಲ್ವರು ಕಂಡದ್ದು ಬೇರೆಯೇ. ಸೆಕೆಂಡಿನ ನೂರನೆಯ ಒಂದು ಭಾಗದ ಲೆಕ್ಕ ತೆಗೆದುಕೊಂಡರೂ, ನಿಮಿಷಗಳ ಲೆಕ್ಕ ತೆಗೆದುಕೊಂಡರೂ ಏರಿಳಿತ ಹಾಗೆಯೇ ಉಳಿಯುತ್ತಿತ್ತು. ಸಂಚಾರ ಗುಂಪುಗುಂಪಾಗಿ ಬರುತ್ತದೆ, ಗುಂಪುಗಳೂ ಗುಂಪಾಗಿ ಬರುತ್ತವೆ. ಸರಾಸರಿಯನ್ನು ನಂಬಿ ಕಟ್ಟಿದ ಜಾಲ ದಿನದ ಬಹುಪಾಲು ಖಾಲಿಯಿದ್ದರೂ ನಡುನಡುವೆ ತುಂಬಿ ಚೆಲ್ಲುವುದು ಏಕೆಂದು ಆಗ ತಿಳಿಯಿತು. ಎಷ್ಟೇ ಸೊಗಸಾದ ಸೂತ್ರವಾದರೂ ಅಳತೆಯ ಮುಂದೆ ನಿಲ್ಲಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕ್ಷೇತ್ರದಲ್ಲಿ ಕಡಿಮೆ.

ಸಂಚಾರವನ್ನು ನೋಡುವುದಕ್ಕೆ ಇನ್ನೊಂದು ಉಪಯೋಗವಿದೆ, ಕಾವಲು. ಅದರ ಪ್ರಸಿದ್ಧ ಕಥೆಯೂ ಅದೇ ಗುಡ್ಡದ ಮೇಲೆ, ಅದೇ 1986ರಲ್ಲಿ ಆರಂಭವಾಯಿತು. ಕ್ಲಿಫರ್ಡ್ ಸ್ಟೋಲ್ ಖಗೋಳ ವಿಜ್ಞಾನಿ. ಆಗ ಪ್ರಯೋಗಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್‌ಗಳ ವ್ಯತ್ಯಾಸ ಬಂತು. ಮುಕ್ಕಾಲು ಡಾಲರು, ಯಾರೂ ಕೇಳುತ್ತಿರಲಿಲ್ಲ. ಸ್ಟೋಲ್ ಬಿಡಲಿಲ್ಲ. ಯಾರೋ ಹೊರಗಿನವರು ಒಳಗೆ ನುಗ್ಗಿದ್ದಾರೆಂದು ತಿಳಿದಾಗ, ವಾರಾಂತ್ಯದಲ್ಲಿ ಕಚೇರಿಯ ಮೇಜುಗಳಿಂದ ಪ್ರಿಂಟರುಗಳನ್ನೂ ಟರ್ಮಿನಲ್‌ಗಳನ್ನೂ ಕೂಡಿಸಿ ತಂದು, ಒಳಬರುವ ಸುಮಾರು ಐವತ್ತು ಸಂಪರ್ಕಗಳಿಗೂ ಒಂದೊಂದನ್ನು ಜೋಡಿಸಿದರು. ನುಗ್ಗಿದವನು ಒತ್ತಿದ ಪ್ರತಿ ಅಕ್ಷರವೂ ಕಾಗದದ ಮೇಲೆ ಅಚ್ಚಾಯಿತು. ಉತ್ತರ ಬರಲು ಹಿಡಿಯುವ ಕಾಲವನ್ನು ಅಳೆದು, ಆತ ತೀರ ದೂರದಲ್ಲಿದ್ದಾನೆ ಎಂದೂ ಸ್ಟೋಲ್ ಅಂದಾಜು ಮಾಡಿದರು. ಕೊನೆಗೆ ಆಸಕ್ತಿ ಕೆರಳಿಸುವ ಸುಳ್ಳು ಕಡತಗಳನ್ನು ಇಟ್ಟು, ಆತ ಅವನ್ನು ಓದುತ್ತಾ ಸಂಪರ್ಕದಲ್ಲಿ ಉಳಿಯುವಂತೆ ಮಾಡಿದರು. ಪಶ್ಚಿಮ ಜರ್ಮನಿಯ ಅಧಿಕಾರಿಗಳು ಜಾಡು ಹಿಡಿದು ಹ್ಯಾನೋವರ್ ನಗರದ ಮಾರ್ಕಸ್ ಹೆಸ್‌ನನ್ನು ತಲುಪಿದರು. ಕದ್ದ ಮಾಹಿತಿ ಸೋವಿಯತ್ ಗುಪ್ತಚರ ಸಂಸ್ಥೆಗೆ ಮಾರಾಟವಾಗುತ್ತಿತ್ತು. 1990ರಲ್ಲಿ ಅವನಿಗೂ ಸಂಗಡಿಗರಿಗೂ ಶಿಕ್ಷೆಯಾಯಿತು.

ಇಂದು ಈ ಕಾವಲಿಗೆ ತಂತ್ರಾಂಶಗಳಿವೆ. ಅದೇ ಪ್ರಯೋಗಾಲಯದಲ್ಲಿ ವರ್ನ್ ಪ್ಯಾಕ್ಸನ್ 1995ರಲ್ಲಿ ಬರೆಯಲು ಆರಂಭಿಸಿದ ಬ್ರೋ ಎಂಬ ತಂತ್ರಾಂಶ ಈಗ ಝೀಕ್ ಎಂಬ ಹೆಸರಿನಲ್ಲಿ ವಿಶ್ವವಿದ್ಯಾಲಯಗಳ, ಕಂಪನಿಗಳ ಜಾಲಗಳನ್ನು ಕಾಯುತ್ತಿದೆ. ರಾತ್ರಿ ಮೂರು ಗಂಟೆಗೆ ಯಾರೂ ಇಲ್ಲದ ಕಚೇರಿಯ ಒಂದು ಕಂಪ್ಯೂಟರು ಹಿಂದೆಂದೂ ಮಾತನಾಡದ ಊರಿಗೆ ಗಿಗಾಬೈಟ್‌ಗಟ್ಟಲೆ ಕಳಿಸತೊಡಗಿದರೆ, ಒಳಗೇನಿದೆ ಎಂದು ಓದದೆಯೇ ಕಾವಲಿನವರಿಗೆ ಎಚ್ಚರವಾಗುತ್ತದೆ. ಯಾರಿಂದ, ಯಾರಿಗೆ, ಯಾವಾಗ, ಎಷ್ಟು ಎಂಬ ನಾಲ್ಕು ಸಂಗತಿಗಳೇ ಸಾಕು.

ಆ ನಾಲ್ಕೇ ಸಂಗತಿಗಳು ಬೇರೆಯವರ ಕೈಯಲ್ಲಿದ್ದರೂ ಅಷ್ಟೇ ಬಲವಾಗಿ ಕೆಲಸ ಮಾಡುತ್ತವೆ. ಈಗ ಬ್ಯಾಂಕು, ಅಂಗಡಿ, ಪತ್ರಿಕೆ ಎಲ್ಲದರ ಜಾಲತಾಣಗಳೂ ಬಹುಪಾಲು ಗೂಢಲಿಪಿಯಲ್ಲಿ ಮಾತನಾಡುತ್ತವೆ. ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇದ್ದರೆ ಲಕೋಟೆಯ ಒಳಗಿನದನ್ನು ದಾರಿಯಲ್ಲಿ ಯಾರೂ ಓದಲಾರರು ಎಂದು ನಂಬಬಹುದು. ಲಕೋಟೆಯ ಹೊರಮೈ ಮಾತ್ರ ಎಲ್ಲರಿಗೂ ಕಾಣುತ್ತದೆ, ಕಾಣದಿದ್ದರೆ ರೂಟರು ಅದನ್ನು ಮುಂದಕ್ಕೆ ದಾಟಿಸುವುದು ಹೇಗೆ? ಬರ್ಕ್ಲಿಯ ಸಂಶೋಧಕರು 2001ರಲ್ಲಿ ತೋರಿಸಿದ್ದನ್ನು ಕೇಳಿ. ದೂರದ ಕಂಪ್ಯೂಟರಿಗೆ ಗೂಢಲಿಪಿಯಲ್ಲಿ ಪಾಸ್‌ವರ್ಡ್ ಒತ್ತುವಾಗ, ಒಂದು ಕೀಲಿಗೂ ಇನ್ನೊಂದಕ್ಕೂ ನಡುವಿನ ಬಿಡುವು ಪ್ಯಾಕೆಟ್ಟುಗಳ ನಡುವಿನ ಬಿಡುವಾಗಿ ಹೊರಗೆ ಕಾಣುತ್ತದೆ. ಅದರಿಂದ ಪಾಸ್‌ವರ್ಡಿನ ಹುಡುಕಾಟ ಸುಲಭವಾಗುತ್ತದೆ. 2007ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇಂಟರ್ನೆಟ್ ಮೂಲಕ ಗೂಢಲಿಪಿಯಲ್ಲಿ ಸಾಗುವ ಮಾತನ್ನು ಪರೀಕ್ಷಿಸಿದರು. ಮಾತಿನ ಧ್ವನಿಗೆ ತಕ್ಕಂತೆ ಪ್ಯಾಕೆಟ್ಟಿನ ಗಾತ್ರ ಬದಲಾಗುವ ಪದ್ಧತಿಯಿದ್ದರೆ, ಆ ಗಾತ್ರಗಳನ್ನು ನೋಡಿಯೇ ಜನ ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದಾರೆಂದು ಗಮನಾರ್ಹ ಮಟ್ಟಿಗೆ ಗುರುತಿಸಬಹುದಾಗಿತ್ತು. ಒಂದು ಪದವನ್ನೂ ಅವರು ಕೇಳಿರಲಿಲ್ಲ.

ನೀವು ಯಾವ ಆಸ್ಪತ್ರೆಯ ತಾಣವನ್ನು ಎಷ್ಟು ಸಲ ನೋಡಿದಿರಿ, ರಾತ್ರಿ ಎಷ್ಟು ಹೊತ್ತಿನವರೆಗೆ ಎಚ್ಚರವಿದ್ದಿರಿ, ಯಾರ ಜೊತೆ ನಿತ್ಯ ಮಾತನಾಡುತ್ತೀರಿ ಎಂಬುದು ಸಂಚಾರದ ಲೆಕ್ಕದಿಂದಲೇ ತಿಳಿಯುತ್ತದೆ. ‘ಮಾತನ್ನು ಕೇಳಿಲ್ಲ, ಲೆಕ್ಕ ಮಾತ್ರ ಇಟ್ಟಿದ್ದೇವೆ’ ಎಂದು ಯಾರಾದರೂ ಹೇಳಿದರೆ ಅದನ್ನು ಸಣ್ಣ ವಿಷಯವೆಂದು ಬಿಡಬಾರದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆ ಹಕ್ಕಿಗೆ ಬೆಲೆ ಬರಬೇಕಾದರೆ ನಮ್ಮ ಸಂಚಾರದಲ್ಲಿ ಏನು ಕಾಣುತ್ತದೆ, ಯಾರಿಗೆ ಕಾಣುತ್ತದೆ ಎಂಬ ತಿಳಿವಳಿಕೆ ನಮಗಿರಬೇಕು.

ನೋಡುವುದರಿಂದ ದೇಶಕ್ಕೆ ಒದಗಿದ ಲಾಭವೂ ಇದೆ. ನಮ್ಮಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆ ಐಐಟಿಗಳನ್ನೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯನ್ನೂ ಜಾಲಕ್ಕೆ ಸೇರಿಸಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಎಂಬ ಸರ್ಕಾರಿ ಕಂಪನಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ಸೇವೆ ಕೊಡುವ ಕಂಪನಿಗಳು ಹೆಚ್ಚಿದ ಮೇಲೆ, ಭಾರತದ ಒಂದು ಕಂಪನಿಯ ಗ್ರಾಹಕರಿಂದ ಇನ್ನೊಂದು ಕಂಪನಿಯ ಗ್ರಾಹಕರಿಗೆ ಹೋಗಬೇಕಾದ ಪ್ಯಾಕೆಟ್ ಎಷ್ಟೋ ಸಲ ಸಮುದ್ರ ದಾಟಿ ವಿದೇಶಕ್ಕೆ ಹೋಗಿ ಮರಳುತ್ತಿತ್ತು. ಇದನ್ನು ಕಣ್ಣಿಗೆ ಕಾಣಿಸುವ ಸಾಧನವೊಂದಿದೆ, ಟ್ರೇಸ್‌ರೂಟ್. ಅದನ್ನು ಬರೆದವರೂ ಜೇಕಬ್‌ಸನ್ನರೇ. ಪ್ರತಿ ಪ್ಯಾಕೆಟ್ಟಿನ ಮೇಲೂ ಇಷ್ಟು ರೂಟರುಗಳನ್ನು ದಾಟಬಹುದು ಎಂಬ ಒಂದು ಅಂಕಿ ಇರುತ್ತದೆ. ಒಂದೊಂದು ರೂಟರೂ ಅದರಲ್ಲಿ ಒಂದನ್ನು ಕಳೆಯುತ್ತದೆ. ಅಂಕಿ ಸೊನ್ನೆಯಾದರೆ ಆ ರೂಟರು ಪ್ಯಾಕೆಟ್ಟನ್ನು ಬಿಟ್ಟು, ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಬೇಕೆಂದೇ ಒಂದು, ಎರಡು, ಮೂರು ಎಂಬ ಅಂಕಿ ಹಾಕಿ ಕಳಿಸಿದರೆ ದಾರಿಯ ಒಂದೊಂದು ರೂಟರೂ ತನ್ನ ವಿಳಾಸ ಹೇಳುತ್ತಾ ಹೋಗುತ್ತದೆ, ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬ ಲೆಕ್ಕವೂ ಸಿಗುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರ್ ಓಡುತ್ತದೆ. ಬೆಂಗಳೂರಿಗೂ ಲಂಡನ್ನಿಗೂ ನಡುವೆ ಎಂಟು ಸಾವಿರ ಕಿಲೊಮೀಟರ್; ಹೋಗಿ ಬರಲು 80 ಮಿಲಿಸೆಕೆಂಡಿಗಿಂತ ಕಡಿಮೆಯಾಗದು. ಪಕ್ಕದ ಬೀದಿಗೆ ಕಳಿಸಿದ ಪ್ಯಾಕೆಟ್ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ, ದಾರಿಯಲ್ಲಿ ದಟ್ಟಣೆಯಿದೆಯೇ ಅಥವಾ ಅದು ದೇಶ ಸುತ್ತಿ ಬಂದಿದೆಯೇ ಎಂದು ಹುಡುಕಬೇಕಾಗುತ್ತದೆ. ದೇಶದೊಳಗಿನ ಸಂಚಾರ ದೇಶದೊಳಗೇ ಉಳಿಯಲೆಂದು 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ವಿನಿಮಯ ಕೇಂದ್ರ ಸ್ಥಾಪನೆಯಾಯಿತು.

ಕೇಳುಗ ಮಿತ್ರರೇ, ಇಷ್ಟನ್ನು ಹೇಳಿದ್ದಕ್ಕೆ ಒಂದು ಉದ್ದೇಶವಿದೆ. ನಮ್ಮ ಕಾಲೇಜುಗಳಲ್ಲಿ ಕಂಪ್ಯೂಟರ್ ಜಾಲದ ಪಾಠ ನಡೆಯುತ್ತದೆ. ಜಾಲದ ಕೆಲಸವನ್ನು ವಿಂಗಡಿಸಿ ತೋರಿಸುವ ಏಳು ಪದರಗಳ ಚಿತ್ರವನ್ನು ಹಲಗೆಯ ಮೇಲೆ ಬರೆಯುತ್ತಾರೆ, ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಒಂದು ಪ್ಯಾಕೆಟ್ಟನ್ನೂ ಕಣ್ಣಾರೆ ನೋಡದೆ ಪದವಿ ಪಡೆಯುವವರು ಎಷ್ಟೋ ಮಂದಿ. ಇದು ಬದಲಾಗಬೇಕು. ಜೆರಾಲ್ಡ್ ಕೋಂಬ್ಸ್ 1998ರಲ್ಲಿ ಆರಂಭಿಸಿದ, 2006ರಿಂದ ವೈರ್‌ಶಾರ್ಕ್ ಎಂಬ ಹೆಸರು ಹೊತ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಅದನ್ನು ತೆರೆದು, ಬ್ರೌಸರಿನಲ್ಲಿ ಯಾವುದಾದರೂ ಒಂದು ತಾಣಕ್ಕೆ ಹೋಗಿ. ಮೊದಲು ನಿಮ್ಮ ಕಂಪ್ಯೂಟರು ಆ ಹೆಸರಿನ ಐಪಿ ವಿಳಾಸ ಯಾವುದೆಂದು ಕೇಳುವುದು ಕಾಣುತ್ತದೆ. ಆಮೇಲೆ ಸಾಮಾನ್ಯವಾಗಿ ಮೂರು ಪುಟ್ಟ ಪ್ಯಾಕೆಟ್ಟುಗಳು: ಮಾತನಾಡಬಹುದೇ ಎಂದು ಇತ್ತಲಿಂದ ಒಂದು, ಆಗಬಹುದು ಎಂದು ಅತ್ತಲಿಂದ ಒಂದು, ಸರಿ ಎಂದು ಇತ್ತಲಿಂದ ಇನ್ನೊಂದು. ಆಮೇಲೆ ಗೂಢಲಿಪಿಯ ಒಪ್ಪಂದ. ಆಮೇಲೆ ಮಾಹಿತಿ. ಒಂದು ಪುಟ ತೆರೆಯಲು ಎಷ್ಟು ಬೇರೆ ಬೇರೆ ಕಂಪನಿಗಳ ಯಂತ್ರಗಳಿಗೆ ನಿಮ್ಮ ಕಂಪ್ಯೂಟರು ಕರೆ ಕೊಡುತ್ತದೆ ಎಂದು ನೋಡಿದ ವಿದ್ಯಾರ್ಥಿಗೆ ಖಾಸಗಿತನದ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ನೋಡುವುದು ನಿಮ್ಮ ಸ್ವಂತ ಯಂತ್ರದ ಸಂಚಾರವಾಗಿರಲಿ, ಇಲ್ಲವೇ ಸಂಬಂಧಪಟ್ಟವರು ಒಪ್ಪಿಗೆ ಕೊಟ್ಟ ಜಾಲದ ಸಂಚಾರವಾಗಿರಲಿ. ಬೇರೆಯವರದನ್ನು ಕದ್ದು ನೋಡುವುದು ಅಪರಾಧ. ತಂತ್ರಾಂಶ ಎರಡಕ್ಕೂ ಒಂದೇ, ವ್ಯತ್ಯಾಸವಿರುವುದು ನೋಡುವವರ ನಡತೆಯಲ್ಲಿ.

ಈ ಜಾಲ ಎರಡು ಸಂಯಮಗಳ ಮೇಲೆ ನಿಂತಿದೆ ಎಂದು ನಾನು ತಿಳಿದಿದ್ದೇನೆ. ಕಳಿಸುವವರು ತಮ್ಮ ಪಾಲಿಗಿಂತ ಹೆಚ್ಚು ಸುರಿಯದಿರುವುದು ಒಂದು. ಅದನ್ನು 1988ರಿಂದ ಈಚೆಗೆ ಯಂತ್ರಗಳಿಗೆ ಕಲಿಸಿದ್ದೇವೆ, ಅವು ಪಾಲಿಸುತ್ತಿವೆ. ನೋಡಬಲ್ಲವರು ಅಗತ್ಯಕ್ಕಿಂತ ಹೆಚ್ಚು ನೋಡದಿರುವುದು ಇನ್ನೊಂದು. ಅದನ್ನು ಮನುಷ್ಯರೇ ಕಲಿಯಬೇಕು, ಕಾನೂನಿನಲ್ಲಿ ಬರೆಯಬೇಕು, ಪಾಲನೆಯಾಗುತ್ತಿದೆಯೇ ಎಂದು ಕೇಳುತ್ತಿರಬೇಕು. ಹಾಗೆ ಕೇಳುವ ಧೈರ್ಯ ಜಾಲದ ಕೆಲಸ ಅರಿತವರಿಗೆ ಬರುತ್ತದೆ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳಿದ್ದರೆ, ಈ ವಾರವೇ ಅವರು ತಮ್ಮದೇ ಪ್ಯಾಕೆಟ್ಟುಗಳನ್ನು ಒಮ್ಮೆ ಹಿಡಿದು ನೋಡಲಿ. ಕಂಡದ್ದನ್ನು ನಿಮಗೆ ಕನ್ನಡದಲ್ಲಿ ವಿವರಿಸಲಿ. ವಿವರಿಸಲು ಬಂದರೆ ಅವರು ಕಲಿತಂತೆ, ನೀವೂ ಕಲಿತಂತೆ.